ಅಮ್ಮಂದು ನೋಡ್ಕೋ

ಯೂನಾ ಹೆಶನ್ ಬಗ್ಗಿ ಒಲೆಯ ಮೇಲಿನ ಕೆಟಲ್ ಇಳಿಸಿದಾಗ ಅವಳ ತುರುಬಿನಲ್ಲಿದ್ದ ಬಾಚಣಿಗೆ ಡೀಲಿಯಾ ಡೋರನ್‌ಳ ಕಣ್ಣಿಗೆ ಬಿತ್ತು. ಕಂದುಬಣ್ಣದ ಕೊಂಬಿನದು, ಅಂಚಿನುದ್ದಕ್ಕೂ ಹಸಿರು ಕಲ್ಲು. ಈ ಸುತ್ತಿನ ಹಳ್ಳಿಗಳಲ್ಲಿ ಅಂಥದನ್ನು ಮಾರುತ್ತಿದ್ದವನು ಒಬ್ಬನೇ, ಬೆನ್ನ ಮೇಲಿನ ಪೆಟ್ಟಿಗೆಯಲ್ಲಿ ಸರಕು ಹೊತ್ತು ತಿರುಗುವ ವ್ಯಾಪಾರಿ ಲ್ಯೂಕ್ ಗಿಲ್ಡೇ.

ಗಿಲ್ಡೇಯ ಹೆಣ ಜೌಗಿನ ಗುಂಡಿಯಲ್ಲಿ ಸಿಕ್ಕಿ ತಿಂಗಳಾಗಿತ್ತು. ಅವನ ಪೆಟ್ಟಿಗೆಯ ಚರ್ಮದ ಪಟ್ಟಿಯನ್ನೇ ಕುತ್ತಿಗೆಗೆ ಬಿಗಿದು ಯಾರೋ ಕೊಂದಿದ್ದರು. ಪಟ್ಟಿ ಸಿಕ್ಕಿತು, ಪೆಟ್ಟಿಗೆ ಸಿಗಲಿಲ್ಲ. ಕೊಂದು ಪೆಟ್ಟಿಗೆ ಹೊತ್ತುಕೊಂಡು ಹೋದವನು ಡೀಲಿಯಾಳ ಮಗ ಮಾರ್ಟಿಯೇ ಎಂದು ಪೊಲೀಸರು ಅವನನ್ನು ಸ್ಲೈಗೋ ಜೈಲಿಗೆ ತಳ್ಳಿದ್ದರು. ಕೊಲೆಗೆ ಈ ದೇಶದಲ್ಲಿ ಶಿಕ್ಷೆ ನೇಣು.

ಅಂದಿನಿಂದ ಡೀಲಿಯಾ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದಳು. ಮೊದಲೂ ತಿರುಗುತ್ತಿದ್ದಳು, ಸೂಜಿ, ದಾರ, ಬೂಟಿನ ಲಾಡಿ, ಗಂಡ ಮಾಡಿದ ತಗಡಿನ ಮಗ್ಗು ಮಾರುವುದಕ್ಕೆ. ಈಗ ಮಾರುವುದು ನೆಪ. ಪೆಟ್ಟಿಗೆ ಯಾವ ಮನೆಯಲ್ಲಿದೆಯೋ ಕೊಂದವನು ಆ ಮನೆಯಲ್ಲಿದ್ದಾನೆ ಎಂಬುದು ಅವಳ ಲೆಕ್ಕ. ಬುಟ್ಟಿಯವಳ ಕಣ್ಣಿಗೆ ಬೀಳದ ಅಡುಗೆಮನೆ ಯಾವುದಿದೆ? ಪಾದ್ರಿಯ ಮನೆಯ ಹಾಸಿಗೆ ಬಟ್ಟೆ ಎಷ್ಟು ಹರಿದಿದೆ ಅನ್ನುವುದೂ ಅವಳಿಗೆ ಗೊತ್ತು.

ಹೆಶನ್ ಮನೆಯವರು ಮಾತ್ರ ಅವಳನ್ನು ಅರ್ಧ ಬಾಗಿಲಿನಿಂದ ಒಳಗೆ ಬಿಟ್ಟವರಲ್ಲ. ದೊಡ್ಡ ಜಮೀನು, ದೊಡ್ಡ ಮೂಗು. ಗಾಡಿಯಲ್ಲಿ ಊರೂರು ಅಲೆಯುವ ತಗಡಿನವರು ಬಂದರೆ ಅಂಗಳದ ಬಕೆಟ್ಟನ್ನು ಒಳಗೆ ಎತ್ತಿಡುವ ಜಾತಿ. ಇವತ್ತು ಯೂನಾ ತಾನಾಗಿಯೇ ಬಾಗಿಲು ತೆರೆದು, ಒಲೆಯ ಪಕ್ಕ ಸ್ಟೂಲು ಹಾಕಿ, ಕೂತುಕೋ ಅಂದಿದ್ದಳು. ಮಗ ಜೈಲಿನಲ್ಲಿದ್ದಾನೆ ಅಂತ ಕನಿಕರ ಹುಟ್ಟಿರಬೇಕು ಅಂದುಕೊಂಡಳು ಡೀಲಿಯಾ. ಕನಿಕರವನ್ನು ಕಂಡೇ ಎಷ್ಟೋ ದಿನವಾಗಿತ್ತು.

"ಬಾಚಣಿಗೆ ಚೆನ್ನಾಗಿದೆ ತಾಯಿ. ನನ್ನ ಬುಟ್ಟೀದಲ್ಲ," ಅಂದಳು.

ಯೂನಾ ಕೈಯಿಂದ ತುರುಬು ಮುಟ್ಟಿಕೊಂಡಳು. ಮುಚ್ಚಿಡುವ ಅವಸರ ಕಾಣಲಿಲ್ಲ.

"ಗಿಲ್ಡೇ ಕೊಟ್ಟಿದ್ದು. ಬದುಕಿದ್ದಾಗ ಕೈಯಾರೆ ಕೊಟ್ಟಿದ್ದು. ನೀನು ಏನು ಹುಡುಕ್ತಾ ತಿರುಗ್ತಿದ್ದೀಯ ಅಂತ ಊರಿಗೆಲ್ಲ ಗೊತ್ತು ಡೀಲಿಯಾ."

ಆಮೇಲೆ ಹುಡುಗಿ ದನಿ ತಗ್ಗಿಸಿ ಒಂದು ವಿಷಯ ಹೇಳಿದಳು. ಮಾರ್ಟಿಯನ್ನು ಪೊಲೀಸರು ಹಿಡಿದುಕೊಂಡು ಹೋದ ಮಾರನೆಯ ದಿನ, ಹೊಲದಾಚೆಯ ಪಾಳು ಸುಣ್ಣದ ಭಟ್ಟಿಯ ಹತ್ತಿರ ಬೆಳಗಿನಿಂದ ಸಂಜೆಯ ತನಕ ಹೊಗೆ ಎದ್ದಿತ್ತಂತೆ. ಕರಿ ಹೊಗೆ, ಒದ್ದೆ ಮರದ್ದು. ಯಾರು ಏನು ಸುಟ್ಟರೋ ಅವಳು ನೋಡಿಲ್ಲವಂತೆ. ಪೊಲೀಸರಿಗೆ ಹೇಳೋಣವೆಂದರೆ ಅಪ್ಪನ ಭಯ. ಈ ಮನೆಯವರು ಯಾವುದಕ್ಕೂ ಸಾಕ್ಷಿ ಹೇಳುವ ಹಾಗಿಲ್ಲ ಅಂತ ಅಪ್ಪ ಆಣೆ ಹಾಕಿಸಿದ್ದಾನಂತೆ.

ಡೀಲಿಯಾ ಚಹಾದ ಲೋಟ ಕೆಳಗಿಟ್ಟಳು. ಮಾರನೆಯ ದಿನ ಅಂದರೆ ಮಾರ್ಟಿ ಬೀಗದೊಳಗಿದ್ದ. ಸುಟ್ಟಿದ್ದು ಪೆಟ್ಟಿಗೆಯೇ ಆಗಿದ್ದರೆ, ಸುಟ್ಟವನು ಮಾರ್ಟಿಯಲ್ಲ.

"ಕೊಟ್ಟಿಗೆ ಹಾದು ಹೋಗು. ಅಪ್ಪನ ಕಣ್ಣಿಗೆ ಬೀಳೋದಿಲ್ಲ," ಅಂದಳು ಯೂನಾ. ದಪ್ಪ ದಪ್ಪ ಬೆಣ್ಣೆ ಸವರಿದ ರೊಟ್ಟಿಯ ಎರಡು ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು. "ನಾಳೆ ಜೈಲಿಗೆ ಹೋಗ್ತೀಯಲ್ಲ, ಮಾರ್ಟಿಗೆ ಕೊಡು."

ದೇವರು ನಿನಗೆ ಒಳ್ಳೆಯ ಗಂಡನನ್ನು ಕೊಡಲಿ ಅಂತ ಹರಸಿ ಡೀಲಿಯಾ ಎದ್ದಳು. ಈ ಸಲ ಮನಸ್ಸಿನಿಂದಲೇ ಹರಸಿದಳು.

ಕೊಟ್ಟಿಗೆಯಲ್ಲಿ ಹಸುಗಳು ಸಾಲಾಗಿ ನಿಂತು ಮೆಲುಕು ಹಾಕುತ್ತಿದ್ದವು. ಒಂದೊಂದರ ಕೊರಳಿಗೂ ಕಬ್ಬಿಣದ ಸರಪಳಿ, ಗೋಡೆಯ ಗೂಟಕ್ಕೆ ಬಿಗಿದದ್ದು. ಕೊನೆಯ ಕೆಂದ ಹಸುವಿಗೆ ಮಾತ್ರ ಹೊಸ ಹಗ್ಗದ ಕಣ್ಣಿ. ಡೀಲಿಯಾ ಅದನ್ನು ನೋಡಿ ಮುಂದೆ ನಡೆದಳು. ಕಂಡದ್ದನ್ನು ಮನಸ್ಸಿನ ಮೂಲೆಯಲ್ಲಿ ಎತ್ತಿಡುವುದು ಅವಳ ರೂಢಿ.

ಭಟ್ಟಿಯ ಬಾಯಿಗೆ ಬಿಳಿ ಹೂ ಬಿಟ್ಟ ಮುಳ್ಳುಮರ ಅಡ್ಡ ಬೆಳೆದಿತ್ತು. ಅದನ್ನು ಸರಿಸಿ ಒಳಗೆ ಬಗ್ಗಿದಳು. ಬೂದಿ ಇತ್ತು. ಮಳೆ ಬಿದ್ದು ಹೆಪ್ಪುಗಟ್ಟಿದ ಬೂದಿ.

ಬೆರಳಿನಿಂದಲೇ ಕೆದಕಿದಳು. ಮೊದಲು ಸಿಕ್ಕಿದ್ದು ಪೆಟ್ಟಿಗೆಯ ಹಿತ್ತಾಳೆ ಮೂಲೆಕಟ್ಟು. ಆಮೇಲೆ ಒಂದಕ್ಕೊಂದು ಅಂಟಿಕೊಂಡ ಸೂಜಿಗಳ ಗಡ್ಡೆ, ಹಿಡಿ ಸುಟ್ಟುಹೋದ ಕತ್ತರಿಗಳು, ಹೊಲಿಯುವವರ ಬೆರಳುಟೋಪಿಗಳ ರಾಶಿ, ಕರಗಿ ಮುದ್ದೆಯಾದ ಕನ್ನಡಿ ಗಾಜು, ಜಪಮಣಿಯ ತಂತಿಗಳು. ಗಿಲ್ಡೇಯ ಸರಕು ಅವಳಿಗೆ ತನ್ನ ಬುಟ್ಟಿಯಷ್ಟೇ ಗೊತ್ತು. ಎದುರಾಳಿಯ ಸರಕಿನ ಮೇಲೆ ಕಣ್ಣಿಡದ ವ್ಯಾಪಾರಿ ಎಲ್ಲಿದ್ದಾನೆ? ಒಂದು ಕತ್ತರಿಯೂ ಕಡಿಮೆಯಿರಲಿಲ್ಲ.

ಅಂದರೆ ಯಾರೂ ಕದ್ದಿಲ್ಲ. ಕಳ್ಳ ಕತ್ತರಿ ಸುಡುವುದಿಲ್ಲ. ರೈತನಾದರೆ ಹೆಂಡತಿಗೆ ಕೊಡುತ್ತಾನೆ, ಅಲೆಮಾರಿಯಾದರೆ ಮುಂದಿನ ಊರಿನಲ್ಲಿ ಮಾರುತ್ತಾನೆ. ಒಂದನ್ನೂ ಇಟ್ಟುಕೊಳ್ಳದೆ ಇಡೀ ಪೆಟ್ಟಿಗೆಯನ್ನು ಬೆಂಕಿಗೆ ಕೊಡುವವರು ಯಾರು?

ಉತ್ತರ ಅವಳಿಗೆ ಗೊತ್ತಿತ್ತು. ಕೈ ಮಾತ್ರ ಕೆದಕುವುದನ್ನು ನಿಲ್ಲಿಸಲಿಲ್ಲ, ಬೇರೆ ಉತ್ತರ ಸಿಕ್ಕೀತೇನೋ ಎಂಬ ಆಸೆಯಿಂದ.

ಬೂದಿಯ ನಟ್ಟನಡುವೆ ತಗಡಿನ ಮಗ್ಗೊಂದು ಬೋರಲಾಗಿ ಕೂತಿತ್ತು. ಎತ್ತಿ ನೋಡಿದಳು. ತಳವನ್ನು ಉಳಿಯಿಂದ ಶಿಲುಬೆಯಾಕಾರ ಸೀಳಿ ಒಳಕ್ಕೆ ಮಡಿಸಿದ್ದರು.

ಸತ್ತವನ ಸಾಮಾನು ಸುಡಬೇಕು, ಅವನು ಕುಡಿದ ಪಾತ್ರೆಯ ತಳ ಒಡೆದು ಬೋರಲು ಹಾಕಬೇಕು, ಇನ್ನೊಬ್ಬರ ತುಟಿ ಅದಕ್ಕೆ ತಾಗಬಾರದು. ಇದು ಗಾಡಿಯಲ್ಲಿ ಹುಟ್ಟಿ ಗಾಡಿಯಲ್ಲಿ ಸಾಯುವ ಮಂದಿಯ ಪದ್ಧತಿ. ಊರವರಿಗೆ ಇದು ಹುಚ್ಚು. ತಳವನ್ನು ಕೆಲವರು ಕಲ್ಲಿನಿಂದ ಜಜ್ಜುತ್ತಾರೆ, ಕೆಲವರು ಮೊಳೆ ಹೊಡೆಯುತ್ತಾರೆ. ಶಿಲುಬೆಯಾಗಿ ಸೀಳುತ್ತಿದ್ದವನು ಅವಳ ಮಾವ, ಅವನಾದ ಮೇಲೆ ಅವನ ಮಗ.

ಬಾರ್ಟ್ಲಿ. ಅವಳ ಗಂಡ.

ಡೀಲಿಯಾ ಭಟ್ಟಿಯ ಕಲ್ಲಿಗೆ ಒರಗಿ ಕೂತುಬಿಟ್ಟಳು. ಮಗನನ್ನು ಬಿಡಿಸಲು ಕಂಡವರ ಒಲೆಯೆಲ್ಲ ಇಣುಕಿ ಬಂದವಳು, ತನ್ನದೇ ಬಿಡಾರದ ಬೆಂಕಿಗೆ ಬಂದು ನಿಂತಿದ್ದಳು. ಒಬ್ಬನನ್ನು ಉಳಿಸಬೇಕಾದರೆ ಇನ್ನೊಬ್ಬನನ್ನು ಹಿಡಿದುಕೊಡಬೇಕು. ಮಗನ ಕುತ್ತಿಗೆಯಿಂದ ಹಗ್ಗ ತೆಗೆದು ಗಂಡನ ಕುತ್ತಿಗೆಗೆ ಹಾಕುವುದಕ್ಕೆ ಇಷ್ಟು ನಡೆಯಬೇಕಿತ್ತೇ?

ಎದ್ದೇಳಲು ನೆಲಕ್ಕೆ ಕೈಯೂರಿದಾಗ ಬೂದಿಯಡಿ ಗಟ್ಟಿಯಾದದ್ದೇನೋ ತಾಗಿತು. ಎಳೆದಳು. ಒಂದು ಮಾರುದ್ದದ ಕಬ್ಬಿಣದ ಸರಪಳಿ ಹಾವಿನ ಹಾಗೆ ಈಚೆ ಬಂತು. ಒಂದು ತುದಿಗೆ ಗೂಟದ ಬಳೆ, ಇನ್ನೊಂದಕ್ಕೆ ಕೊರಳ ಕೊಕ್ಕೆ, ನಡುವಿನ ಕೊಂಡಿಗೆ ತಾಮ್ರದ ತಂತಿ ಸುತ್ತಿ ರಿಪೇರಿ ಮಾಡಿದ್ದು.

ಕೆಂದ ಹಸು. ಹೊಸ ಕಣ್ಣಿ.

ಈಗ ಅವಳ ತಲೆ ಓಡತೊಡಗಿತು. ಪೆಟ್ಟಿಗೆಯ ಪಟ್ಟಿ ಗಿಲ್ಡೇಯ ಕುತ್ತಿಗೆಯಲ್ಲೇ ಉಳಿದಿತ್ತು. ಪಟ್ಟಿಯಿಲ್ಲದ ಭಾರದ ಪೆಟ್ಟಿಗೆಯನ್ನು ಬೆನ್ನಿಗೇರಿಸಬೇಕಾದರೆ ಏನಾದರೂ ಬೇಕು. ಕೊಂದವನು ಕೈಗೆ ಸಿಕ್ಕಿದ್ದನ್ನು ಸುತ್ತಿ ಹೊತ್ತಿದ್ದಾನೆ. ಹಸುವಿನ ಸರಪಳಿ ಯಾರ ಕೈಗೆ ಸಿಗುತ್ತದೆ? ಹಸು ಇರುವವನ ಕೈಗೆ. ಡೋರನ್ ಕುಲದಲ್ಲಿ ಹಸು ಕಟ್ಟಿದವರು ಹಿಂದೆಯೂ ಇಲ್ಲ, ಮುಂದೆಯೂ ಇರುವುದಿಲ್ಲ.

ಹೆಶನ್. ಮಗಳಿಗೆ ಅಲೆಮಾರಿ ವ್ಯಾಪಾರಿ ಬಾಚಣಿಗೆ ಕೊಡುವುದನ್ನು ಸಹಿಸದ ಅಪ್ಪ.

ಸರಪಳಿಯನ್ನೂ ಮಗ್ಗನ್ನೂ ಬುಟ್ಟಿಗೆ ಹಾಕಿ, ಮೇಲೆ ಲಾಡಿಗಳನ್ನು ಹರಡಿ, ಅವಳು ಬಿಡಾರದ ದಾರಿ ಹಿಡಿದಳು. ಒಂದು ಪ್ರಶ್ನೆ ಮಾತ್ರ ಹಲ್ಲಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಹೆಶನ್ ಕೊಂದಿದ್ದರೆ, ಬಾರ್ಟ್ಲಿ ಯಾಕೆ ಸುಟ್ಟ?

ದಾರಿಯುದ್ದಕ್ಕೂ ಅವಳಿಗೆ ಚರ್ಚಿನ ಗೇಟು ನೆನಪಾಯಿತು. ಗಿಲ್ಡೇ ಸಾಯುವುದಕ್ಕೆ ವಾರದ ಮುಂಚೆ, ಪೂಜೆ ಮುಗಿಸಿ ಜನ ಹೊರಬರುವಾಗ, ಅವನ ಮುಂದೆ ನಿಂತು ಬೈದಿದ್ದಳು. ಅವಳು ಹೋಗುವ ಮನೆಗೆಲ್ಲ ಅವನು ಒಂದು ದಿನ ಮುಂಚೆ ಹೋಗುತ್ತಿದ್ದುದರಿಂದ ಅವಳ ಬುಟ್ಟಿ ತುಂಬಿದ್ದು ತುಂಬಿದ ಹಾಗೇ ವಾಪಸು ಬರುತ್ತಿತ್ತು. ಹೊಟ್ಟೆ ಉರಿದಿತ್ತು. ನೀನು ಹೊತ್ತ ಪೆಟ್ಟಿಗೆಯೇ ನಿನ್ನನ್ನು ಜೌಗಿಗೆ ಇಳಿಸಲಿ ಅಂದಿದ್ದಳು. ಕೆಮ್ಮು ಹಿಡಿದ ಬಡಕಲು ಮನುಷ್ಯ, ಶಾಪ ಕೇಳಿ ಬೆಳ್ಳಗಾಗಿ ಟೋಪಿ ಕೈಗೆ ತೆಗೆದುಕೊಂಡಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿದ್ದು ಹೇಳಿದ ಹಾಗೇ ಆಯಿತು. ತಾಯಿ ಶಾಪ ಹಾಕಿದಳು, ಮಗ ನಡೆಸಿಕೊಟ್ಟ ಅಂತ ಊರು ಮಾತಾಡಿತು.

ಬಾರ್ಟ್ಲಿ ಗಾಡಿಯ ನೆರಳಲ್ಲಿ ಕೂತು ಬಕೆಟ್ಟಿನ ಅಂಚು ತಟ್ಟುತ್ತಿದ್ದ. ಕೊಳ್ಳುವವರು ಯಾರೂ ಇರಲಿಲ್ಲ. ಕೊಲೆಗಾರನ ಅಪ್ಪನ ಹತ್ತಿರ ಬಕೆಟ್ಟು ಯಾರು ಕೊಳ್ಳುತ್ತಾರೆ? ಆದರೂ ದಿನಾ ಮಾಡುತ್ತಿದ್ದ. ಮಾಡಿದ ಬಕೆಟ್ಟುಗಳು ಬೇಲಿಯ ಪಕ್ಕ ಒಂದರೊಳಗೊಂದು ಏರುತ್ತಿದ್ದವು.

ಡೀಲಿಯಾ ತಳ ಸೀಳಿದ ಮಗ್ಗನ್ನು ಅವನ ಮುಂದಿಟ್ಟಳು. ಸುತ್ತಿಗೆ ನಿಂತಿತು.

"ಎಲ್ಲಿ ಸಿಕ್ತು?"

"ನೀನು ಬಿಟ್ಟಲ್ಲೇ."

ಅವನು ಮಗ್ಗನ್ನು ಮುಟ್ಟಲಿಲ್ಲ. ಸ್ವಲ್ಪ ಹಿಂದಕ್ಕೆ ಸರಿದು ಕೂತ.

"ನೀನೇ ಕೊಂದೆಯಾ ಬಾರ್ಟ್ಲಿ? ಸುಳ್ಳು ಹೇಳ್ಬೇಡ. ಇವತ್ತೊಂದಿನ ಹೇಳ್ಬೇಡ."

ಬಾರ್ಟ್ಲಿ ಅವಳ ಮುಖವನ್ನೇ ನೋಡಿದ. ಸಿಟ್ಟು ಬಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನ ಮುಖದಲ್ಲಿ ಇದ್ದದ್ದು ಆಶ್ಚರ್ಯ.

"ಅದನ್ನ ನಾನು ನಿನ್ನ ಕೇಳ್ಬೇಕಿತ್ತು," ಅಂದ. "ಕೇಳೋ ಧೈರ್ಯ ಇಲ್ದೆ ಸುಟ್ಟೆ."

"ನನ್ನನ್ನಾ?"

"ಪೆಟ್ಟಿಗೆ ನಿನ್ನ ಗೂಡಲ್ಲಿತ್ತು ಡೀಲಿಯಾ."

ಗಾಡಿಯ ಹಿಂಬದಿಯಲ್ಲಿ, ಚಕ್ರಗಳ ನಡುವೆ, ಬಾಗಿಲಿರುವ ಒಂದು ಮರದ ಗೂಡು. ಅವಳ ಸೂಜಿದಾರದ ದಾಸ್ತಾನು ಅಲ್ಲಿರುತ್ತದೆ. ಮದುವೆಯಾದಾಗಿನಿಂದ ಅದು ಅವಳದು, ಗಂಡನೂ ಕೈಹಾಕುವಂತಿಲ್ಲ. ಆದರೆ ಗಿಲ್ಡೇ ಬಂದ ಮೇಲೆ ವ್ಯಾಪಾರ ಬಿದ್ದು, ಬುಟ್ಟಿಯಲ್ಲಿದ್ದದ್ದೇ ಖರ್ಚಾಗದೆ, ಆ ತಿಂಗಳು ಅವಳು ಗೂಡಿನ ಬಾಗಿಲನ್ನೇ ತೆರೆದಿರಲಿಲ್ಲ.

ಬಾರ್ಟ್ಲಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಪೆಟ್ಟಿಗೆ ಜೌಗಿನ ನೀರಿನಿಂದ ತೊಯ್ದಿತ್ತು, ಸುತ್ತ ಸರಪಳಿ ಬಿಗಿದಿತ್ತು. ಗಿಲ್ಡೇ ಸತ್ತ ದಿನ ಅವಳು ಸಂಜೆ ತಡವಾಗಿ ಬಂದಿದ್ದಳು, ಲಂಗದ ತುಂಬ ಕೆಸರು. ಅದಕ್ಕೂ ಹಿಂದೆ ಚರ್ಚಿನ ಮುಂದೆ ಆಡಿದ ಮಾತು. ಅವನಿಗೆ ಇನ್ನೇನು ಬೇಕಿತ್ತು? ಬಡಕಲು ಮನುಷ್ಯ, ಜಗಳವಾಗಿರಬೇಕು, ಕೈ ಮೀರಿರಬೇಕು ಅಂದುಕೊಂಡ. ಒದ್ದೆ ಪೆಟ್ಟಿಗೆ ಉರಿಯಲಿಲ್ಲ. ದಿನವಿಡೀ ಊದಿ ಊದಿ ಸುಟ್ಟ.

"ಕೆರೆಗೆ ಎಸೀಬಹುದಿತ್ತಲ್ಲೋ. ಎಸೆದಿದ್ರೆ ಯಾರಿಗೂ ಏನೂ ಸಿಕ್ತಿರಲಿಲ್ಲ."

"ಸತ್ತವನದನ್ನ ನೀರಿಗೆ ಹಾಕೋದಾ? ಅವನು ಬಂದು ಕೇಳಲ್ವಾ?" ಬಾರ್ಟ್ಲಿ ನಿಜವಾಗಿಯೂ ಗಾಬರಿಯಾದ. "ನಮ್ಮ ಗಾಡೀಲಿ ಇತ್ತು. ನಮ್ಮ ಗಾಡೀಲಿದ್ದ ಮೇಲೆ ಸುಡೋ ಕರ್ಮ ನಮ್ದೇ ತಾನೆ?"

ಅವನ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

"ಗೂಡು ನೋಡು ಅಂತ ನಿನಗೆ ಹೇಳಿದ್ದು ಯಾರು?"

"ಮಾರ್ಟಿ."

"ಅವನು ಯಾವಾಗ ಹೇಳಿದ?"

"ಹಿಡ್ಕೊಂಡು ಹೋಗೋವಾಗ ಕೂಗಿದನಲ್ಲ. ನೀನೂ ಇದ್ದೆ."

ಇದ್ದಳು. ಆ ದಿನ ಗಾಳಿ ಬೀಸುತ್ತಿತ್ತು, ಪೊಲೀಸರ ವ್ಯಾನು ಸದ್ದು ಮಾಡುತ್ತಿತ್ತು. ಕೈಕೋಳ ಹಾಕಿಸಿಕೊಂಡ ಮಾರ್ಟಿ ತಿರುಗಿ, ಪೊಲೀಸರಿಗೆ ತಿಳಿಯದ ತಮ್ಮ ಮಂದಿಯ ಮಾತಿನಲ್ಲಿ ಅಪ್ಪನಿಗೆ ಕೂಗಿ ಹೇಳಿದ್ದ. ಅಮ್ಮನ್ನ ನೋಡ್ಕೋ. ಒಂದು ತಿಂಗಳಿಂದ ಡೀಲಿಯಾ ಉಸಿರಾಡಿದ್ದೇ ಆ ಮಾತಿನ ಮೇಲೆ. ನೇಣಿನ ದಾರಿಯಲ್ಲೂ ನನ್ನ ಮಗನಿಗೆ ನನ್ನದೇ ಚಿಂತೆ ಅಂತ ಅತ್ತಿದ್ದಳು, ಅತ್ತು ಹಗುರಾಗಿದ್ದಳು.

"ಅಮ್ಮನ್ನ ನೋಡ್ಕೋ ಅಂದ," ಅಂದಳು.

"ಅಲ್ಲ," ಅಂದ ಬಾರ್ಟ್ಲಿ. "ಅಮ್ಮಂದು ನೋಡ್ಕೋ ಅಂದ."

ಗಾಡಿಯಡಿಯಿಂದ ಮೇವಿನ ಚೀಲ ತೆಗೆಯಲು ಹೋಗಿ ಗೂಡು ತೆರೆದಿರಬೇಕು ಹುಡುಗ. ಪೆಟ್ಟಿಗೆ ಕಂಡಿರಬೇಕು. ತಾಯಿಯ ಶಾಪ, ತಾಯಿಯ ಕೆಸರು ಲಂಗ, ತಾಯಿಯ ಗೂಡು. ಒಂದು ಮಾತೂ ಕೇಳದೆ ಬಾಗಿಲು ಮುಚ್ಚಿ, ಪೊಲೀಸರು ಬಂದಾಗ ಅವರು ಗಾಡಿ ಹುಡುಕುವ ಮುಂಚೆಯೇ ಕೈ ಮುಂದೆ ಚಾಚಿದ್ದ. ಜೈಲಿನಲ್ಲಿ ಅವನು ತನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡದೇ ಇದ್ದದ್ದು ನಾಚಿಕೆಯಿಂದ ಅಂತ ಡೀಲಿಯಾ ತಿಳಿದಿದ್ದಳು. ನಾಚಿಕೆ ಹೌದು, ಅವನದಲ್ಲ. ಅಮ್ಮನ ಪರವಾಗಿ ಅವನು ಪಟ್ಟ ನಾಚಿಕೆ.

"ನಾನಲ್ಲ ಬಾರ್ಟ್ಲಿ. ಆ ದಿನ ಜೌಗಿನ ಕಡೆ ಕಾಲೇ ಹಾಕಿಲ್ಲ. ಕಾಲುದಾರೀಲಿ ಜಾರಿ ಬಿದ್ದಿದ್ದೆ, ಅದೇ ಕೆಸರು."

ಅವನು ತಲೆಯಾಡಿಸಿದ. ಕಣ್ಣಲ್ಲಿ ನೀರು ತುಂಬಿತ್ತು. ನಂಬಿದನೋ, ನಂಬಿದ ಹಾಗೆ ಮಾಡಿದನೋ, ಇಷ್ಟು ವರ್ಷ ಜೊತೆಗೆ ಬಾಳಿದವಳಿಗೂ ತಿಳಿಯಲಿಲ್ಲ.

ಅವಳು ಸರಪಳಿ ತೆಗೆದು ತೋರಿಸಿದಳು, ಕೊಟ್ಟಿಗೆಯಲ್ಲಿ ಕಂಡದ್ದನ್ನು ಹೇಳಿದಳು. ಹೆಶನ್ನೇ ಕೊಂದು, ಜೌಗಿನಲ್ಲಿ ಮುಳುಗಿಸಿಟ್ಟಿದ್ದ ಪೆಟ್ಟಿಗೆಯನ್ನು ಹೊತ್ತು ತಂದು, ತಾವು ಕೆರೆಗೆ ನೀರಿಗೆ ಹೋದಾಗ ಗೂಡಿಗೆ ತುರುಕಿದ್ದಾನೆ ಅಂದಳು. ಬಾರ್ಟ್ಲಿ ಸರಪಳಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ತಗಡಿನವರ ಕೈಲಿ ಸಿಕ್ಕಿದ್ರೆ ಇದು ಸಾಕ್ಷಿ ಅಲ್ಲ ಕಣೇ," ಅಂದ. "ಕಳ್ಳಮಾಲು."

"ಟಾಲ್ಟಿ ಸಾಹೇಬ ಅಷ್ಟು ದಡ್ಡನಲ್ಲ."

ಅವನ ಹೆಸರು ಬಾಯಿಂದ ಬಿದ್ದು ಹೆಚ್ಚು ಹೊತ್ತಾಗಿರಲಿಲ್ಲ, ಸಾರ್ಜೆಂಟ್ ಟಾಲ್ಟಿ ಸೈಕಲ್ ತಳ್ಳಿಕೊಂಡು ಕೆಸರು ದಾರಿಯಲ್ಲಿ ಬಂದ. ಬೇಲಿಯ ಹತ್ತಿರ ನಿಂತು ಟೋಪಿ ತೆಗೆದ. ತಗಡಿನವರ ಮುಂದೆ ಪೊಲೀಸಿನವನು ಟೋಪಿ ತೆಗೆದರೆ ಒಳ್ಳೆಯ ಸುದ್ದಿಯಿರುವುದಿಲ್ಲ. ಬಾರ್ಟ್ಲಿ ಎದ್ದು ನಿಂತ.

ಟಾಲ್ಟಿ ಕೆಟ್ಟವನಲ್ಲ. ಸುತ್ತಿ ಬಳಸದೆ ಹೇಳಿದ. ಇವತ್ತು ಬೆಳಿಗ್ಗೆ ಮಾರ್ಟಿ ತಾನೇ ಕೊಂದದ್ದು ಅಂತ ಒಪ್ಪಿಕೊಂಡಿದ್ದಾನೆ. ಪಟ್ಟಿ ಬಿಗಿದದ್ದು, ಜೌಗಿಗೆ ತಳ್ಳಿದ್ದು, ಎಲ್ಲ. ವಕೀಲರು ಬೇಡ ಅಂದಿದ್ದಾನೆ. ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ತಾನೇ ಹೇಳುವುದು ಮೇಲು ಅಂತ ಬಂದೆ ಅಂದ.

ಡೀಲಿಯಾ ಮುಂದೆ ಬಂದಳು. ಸರಪಳಿಯನ್ನು ಯಾರೂ ನಂಬದಿರಬಹುದು. ಊರು ನಂಬುವ ಒಂದೇ ಒಂದು ಮಾತು ಅವಳ ಹತ್ತಿರವಿತ್ತು, ಚರ್ಚಿನ ಮುಂದೆ ಎಲ್ಲರೂ ಕೇಳಿದ್ದು. ಎರಡು ಕೈಯನ್ನೂ ಮುಂದೆ ಚಾಚಿದಳು, ಮಗ ಚಾಚಿದ ಹಾಗೆಯೇ.

"ಅವನಲ್ಲ ಸಾಹೇಬ್ರೇ. ನಾನು. ಶಾಪ ಹಾಕಿದವಳು ನಾನು, ಪಟ್ಟಿ ಬಿಗಿದವಳೂ ನಾನೇ. ಪೆಟ್ಟಿಗೆ ನನ್ನ ಗೂಡಲ್ಲಿತ್ತು."

ಟಾಲ್ಟಿ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಅವಳ ಮುಖ ನೋಡಲಿಲ್ಲ.

"ನೀನು ಹೀಗೆ ಹೇಳ್ತೀಯ ಅಂತ ಅವನು ಹೇಳಿದ್ದಾನೆ. ನಮ್ಮಮ್ಮ ಬಂದು ನಾನೇ ಮಾಡಿದ್ದು ಅಂತಾಳೆ, ನಂಬಬೇಡಿ ಅಂದ."

ಕೈಗಳು ಹಾಗೇ ನಿಂತವು. ಡೀಲಿಯಾಳಿಗೆ ತಟ್ಟನೆ ಅರ್ಥವಾದದ್ದು ಇದು: ಮಗ ಸಾಯುತ್ತಾನೆ, ತಾಯಿ ಕೊಲೆಗಾತಿ ಅಂತ ನಂಬಿಕೊಂಡೇ ಸಾಯುತ್ತಾನೆ. ಈಗ ಅವಳೇ ಆಡಿದ ಮಾತು ಅವನ ಕಿವಿಗೆ ಬಿದ್ದರೆ ಅದೊಂದು ಸಂಶಯವೂ ಉಳಿಯುವುದಿಲ್ಲ. ನಿಜವೂ ಕೆಲಸಕ್ಕೆ ಬರಲಿಲ್ಲ, ಸುಳ್ಳೂ ಬರಲಿಲ್ಲ.

ಉಳಿದದ್ದು ಸರಪಳಿ. ಬಾರ್ಟ್ಲಿ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದ. ಅವಳು ಅದನ್ನು ಎತ್ತಿ ಸಾರ್ಜೆಂಟನ ಕೈಗೆ ಹಾಕಿದಳು.

"ಪೆಟ್ಟಿಗೆಯ ಬೂದೀಲಿ ಸಿಕ್ತು. ಪಟ್ಟಿ ಇಲ್ದೆ ಪೆಟ್ಟಿಗೆ ಹೊತ್ತದ್ದು ಇದರಲ್ಲಿ. ಹೆಶನ್ ಕೊಟ್ಟಿಗೇಗೆ ಹೋಗಿ ನೋಡಿ, ಕೊನೇ ಹಸು ಹಗ್ಗದಲ್ಲಿದೆ. ನನ್ನ ಮಗನ ಮೇಲೆ ಆಣೆ, ಹೋಗಿ ನೋಡಿ."

ಟಾಲ್ಟಿ ಸರಪಳಿಯನ್ನು ಬೆಳಕಿಗೆ ಹಿಡಿದ. ಕೊಂಡಿ ಕೊಂಡಿಯಾಗಿ ಸರಿಸುತ್ತ, ತಾಮ್ರದ ತಂತಿ ಸುತ್ತಿದ ಕೊಂಡಿಗೆ ಬಂದಾಗ ಅವನ ಹೆಬ್ಬೆರಳು ನಿಂತಿತು.

"ಸುಟ್ಟಿದ್ದು ಯಾರು?"

"ನಾನು," ಅಂದ ಬಾರ್ಟ್ಲಿ.

"ನೀನೂ ನಾಳೆ ಠಾಣೆಗೆ ಬಾ." ಸಾರ್ಜೆಂಟ್ ನಿಟ್ಟುಸಿರು ಬಿಟ್ಟ. "ಡೀಲಿಯಾ, ಈ ಸರಪಳೀನ ನಾವು ತಿಂಗಳಿಂದ ಹುಡುಕ್ತಾ ಇದ್ದೀವಿ. ಗಿಲ್ಡೇ ಹೆಣ ಸಿಕ್ಕ ಮಾರನೇ ದಿನವೇ ದೂರು ಬಂದಿತ್ತು. ಹಾಲಿನ ಕ್ಯಾನಿಗೆ ಬೆಸುಗೆ ಹಾಕೋಕೆ ಬಂದ ಮಾರ್ಟಿ ಡೋರನ್ ಸರಪಳಿ ಕದ್ಕೊಂಡು ಹೋದ ಅಂತ. ತಂತಿ ಸುತ್ತಿದ ಕೊಂಡಿ ಅಂತ ಗುರುತೂ ಹೇಳಿದ್ರು. ಒಪ್ಪಿಕೊಂಡ ಮಾತು ಒಂದೇ ಸಾಲದು ಅಂತ ಸರ್ಕಾರಿ ವಕೀಲರು ಗೊಣಗ್ತಿದ್ರು. ಕದ್ದ ಸರಪಳಿ ಪೆಟ್ಟಿಗೆಯ ಬೂದೀಲೇ ಸಿಕ್ತಲ್ಲ, ಇನ್ನು ಗೊಣಗೋದಿಲ್ಲ."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಅನ್ನುತ್ತಾರೆ. ಅವಳು ಕೊಟ್ಟದ್ದು ಕಬ್ಬಿಣ, ಕಟ್ಟಿಸಿದ್ದು ಮಗನ ಕೊರಳಿಗೆ.

"ಹೆಶನ್ ಸುಳ್ಳು ಹೇಳಿದ್ದಾನೆ," ಅಂದಳು. "ಕೊಂದವನೇ ದೂರು ಕೊಟ್ಟಿದ್ದಾನೆ."

"ದೂರು ಕೊಟ್ಟಿದ್ದು ಹೆಶನ್ ಅಲ್ಲ. ಅವನು ಗಿಲ್ಡೇ ಸಾಯೋಕೆ ಮುಂಚಿಂದ ಗಾಲ್ವೇ ಆಸ್ಪತ್ರೇಲಿದ್ದಾನೆ, ಇನ್ನೂ ಬಂದಿಲ್ಲ. ಮನೇಲಿ ಇರೋದು ಮಗಳೊಬ್ಬಳೇ, ಯೂನಾ." ಟಾಲ್ಟಿ ಸರಪಳಿಯನ್ನು ಸೈಕಲ್ಲಿನ ಹ್ಯಾಂಡಲಿಗೆ ಸುತ್ತಿದ. "ನಿನ್ನೆ ಠಾಣೇಗೆ ಬಂದಿದ್ಲು ಪಾಪ, ಇನ್ನೂ ಸಿಗಲಿಲ್ವಾ ಅಂತ ಕೇಳೋಕೆ. ಡೋರನ್ ಬಿಡಾರದಲ್ಲೇ ಇರುತ್ತೆ, ಒಂದಲ್ಲ ಒಂದಿನ ಅವರೇ ತಂದು ಕೊಡ್ತಾರೆ ನೋಡಿ ಅಂದ್ಲು."

ಟೋಪಿ ಹಾಕಿಕೊಂಡು ಅವನು ಬಂದ ದಾರಿಯಲ್ಲೇ ಹೊರಟ. ಕೆಸರಿನ ಗುಂಡಿಗಳಲ್ಲಿ ಸೈಕಲ್ ಕುಲುಕಿದಾಗಲೆಲ್ಲ ಸರಪಳಿಯ ಸದ್ದು ಕೇಳುತ್ತಿತ್ತು.

ಡೀಲಿಯಾ ಬುಟ್ಟಿಯ ಪಕ್ಕ ಕುಸಿದು ಕೂತಳು. ಇಷ್ಟು ವರ್ಷ ಮುಚ್ಚಿದ್ದ ಅರ್ಧ ಬಾಗಿಲು ಇವತ್ತು ತೆರೆದಿತ್ತು. ಒಲೆಯ ಪಕ್ಕ ಸ್ಟೂಲು, ಬಿಸಿ ಚಹಾ. ಮನೆಯಲ್ಲೇ ಇಲ್ಲದ ಅಪ್ಪನ ಭಯ. ಕೊಟ್ಟಿಗೆ ಹಾದು ಹೋಗು ಅಂದಿದ್ದಳು ಹುಡುಗಿ. ತಾನು ಕಂಡುಹಿಡಿದೆ ಅಂತ ಡೀಲಿಯಾ ಬೀಗಿದ್ದಳಲ್ಲ, ಒಂದೊಂದನ್ನೂ ಯೂನಾಳೇ ತೋರಿಸಿಕೊಟ್ಟಿದ್ದಳು.

"ಅಷ್ಟು ಭಾರದ ಪೆಟ್ಟಿಗೇನ ಆ ಹುಡುಗಿ ಒಬ್ಬಳೇ ಹೇಗೆ ಹೊತ್ತಳು?" ಅಂದ ಬಾರ್ಟ್ಲಿ. "ಜೊತೇಗೆ ಯಾರಿದ್ರು?"

ಅವಳಿಗೆ ಗೊತ್ತಿರಲಿಲ್ಲ, ಗಿಲ್ಡೇಯನ್ನು ಯಾಕೆ ಕೊಂದರು ಅನ್ನುವುದೂ ಗೊತ್ತಿರಲಿಲ್ಲ. ಗೊತ್ತಾದರೂ ಯಾರಿಗೆ ಹೇಳುವುದು, ಹೇಳಿದರೆ ನಂಬುವವರು ಯಾರು? ಬುಟ್ಟಿಯ ಲಾಡಿಗಳ ನಡುವೆ ಬಿಳಿ ಬಟ್ಟೆಯ ಗಂಟು ಹಾಗೇ ಇತ್ತು. ಮಾರ್ಟಿಗೆ ಕೊಡು ಅಂತ ಯೂನಾ ಹೆಶನ್ ಕಟ್ಟಿಕೊಟ್ಟ ರೊಟ್ಟಿ, ದಪ್ಪ ದಪ್ಪ ಬೆಣ್ಣೆ ಸವರಿದ್ದು.